ಮಗಳಿಗೆ ಧಾರಾವಾಹಿಯಲ್ಲಿ ಪಾತ್ರವಂತೆ, ಮೊದಲು 45,000 ರೂಪಾಯಿ ಕಟ್ಟಬೇಕಂತೆ. ಏನು ಮಾಡಲಿ?

ಕೊಬ್ಬರಿ ಅಂಗಳ, ತಿಪಟೂರು

ಎಲ್ಲರಿಗೂ ನಮಸ್ಕಾರ. ವಿಷಯ ಸ್ವಲ್ಪ ಉದ್ದವಿದೆ, ಸಹಿಸಿಕೊಳ್ಳಿ.

ನನ್ನ ಮಗಳಿಗೆ ಒಂಬತ್ತು ವರ್ಷ, ನಾಲ್ಕನೆಯ ತರಗತಿ. ಶಾಲೆಯ ವಾರ್ಷಿಕೋತ್ಸವದಲ್ಲಿ ಸಂತೆಯಲ್ಲಿ ಎಲೆ ಅಡಿಕೆ ಮಾರುವ ಅಜ್ಜಿಯ ಪಾತ್ರ ಮಾಡಿದಳು. ನನ್ನ ತಾಯಿಯ ಸೀರೆ ಸುತ್ತಿಕೊಂಡಿದ್ದಳು. ಚಿಲ್ಲರೆ ಎಣಿಸುವಾಗ ನಾಲಿಗೆಗೆ ಬೆರಳು ತಾಗಿಸಿಕೊಂಡದ್ದು, ಸಾಲ ಕೇಳಿದ ಗಿರಾಕಿಯನ್ನು ಕನ್ನಡಕದ ಮೇಲಿನಿಂದ ನೋಡಿದ್ದು, ಇದ್ಯಾವುದನ್ನೂ ಯಾರೂ ಹೇಳಿಕೊಟ್ಟಿರಲಿಲ್ಲ. ಯಾರೋ ಮೊಬೈಲಿನಲ್ಲಿ ಹಿಡಿದ ಅದರ ವಿಡಿಯೊ ಊರೆಲ್ಲ ಸುತ್ತಿ ಧಾರಾವಾಹಿಗಳಿಗೆ ಕಲಾವಿದರನ್ನು ಒದಗಿಸುವ ಬೆಂಗಳೂರಿನ ಒಬ್ಬ ಕೋಆರ್ಡಿನೇಟರ್ ಕೈಗೂ ಸಿಕ್ಕಿತು. ಕರೆಸಿದರು, ಹೋದೆವು, ಆಡಿಷನ್ ಆಯಿತು. ನಾಯಕಿಯ ತಂಗಿಯ ಪಾತ್ರ, ತಿಂಗಳಿಗೆ ಹದಿನೈದು ದಿನ ಚಿತ್ರೀಕರಣ ಎಂದರು. ಮಗಳು ಅಂದಿನಿಂದ ಬೀರುವಿನ ಕನ್ನಡಿಯ ಮುಂದಿನಿಂದ ಕದಲಿಲ್ಲ.

ನಿನ್ನೆ ಫೋನ್ ಬಂತು. ಪೋರ್ಟ್‌ಫೋಲಿಯೊಗೆ, ಅಂದರೆ ಮಗಳ ಫೋಟೊಗಳ ಆಲ್ಬಮ್ಮಿಗೆ, 25,000, ಕಲಾವಿದರ ಕಾರ್ಡಿಗೆ 20,000, ಸೋಮವಾರದೊಳಗೆ ಕಟ್ಟಿ, ಇಲ್ಲದಿದ್ದರೆ ಪಾತ್ರ ಬೇರೆಯವರಿಗೆ. ಶಾಲೆ ಕೆಡುತ್ತದೆ, ಬೇಡ ಎನ್ನುತ್ತಾಳೆ ಹೆಂಡತಿ. ನನ್ನ ತಂದೆ ನಾಲ್ಕು ಊರಿನ ನಾಟಕದಲ್ಲಿ ಭೀಮನ ಪಾತ್ರ ಮಾಡಿದವರು. ಅವರು ಈಗಾಗಲೇ ಮೊಮ್ಮಗಳಿಗೆ ಗದೆ ಹಿಡಿಯುವುದನ್ನು ಕಲಿಸುತ್ತಿದ್ದಾರೆ. ಅನುಭವ ಇರುವವರು ಹೇಳಿ.

ತಟ್ಟೆ ಇಡ್ಲಿ ತಜ್ಞ

ಕೊಡಬೇಡಿ. ಮುಗಿಯಿತು.

ಅಮಾನಿಕೆರೆ ಏರಿ

ಹಾಗೆ ಒಂದೇ ಮಾತಿನಲ್ಲಿ ಮುಗಿಸಬೇಡಿ ಸ್ವಾಮಿ. ಪ್ರತಿಭೆ ಇರುವ ಮಗು. ನಮ್ಮ ಜಿಲ್ಲೆಗೆ ಇದು ಹೊಸದೇ? ಗುಬ್ಬಿಯವರೇ ಆದ ನರಸಿಂಹರಾಜು ಅವರು ಬಾಲ್ಯದಲ್ಲಿಯೇ ಬಣ್ಣ ಹಚ್ಚಿದರು. ಅವರ ಮನೆಯವರು ಶಾಲೆ ಶಾಲೆ ಎಂದು ಕುಳಿತಿದ್ದರೆ ಕನ್ನಡಕ್ಕೆ ಹಾಸ್ಯ ಚಕ್ರವರ್ತಿ ಎಲ್ಲಿ ಸಿಗುತ್ತಿದ್ದರು?

ಕೊಬ್ಬರಿ ಅಂಗಳ, ತಿಪಟೂರು

ಸ್ವಾಮಿ, ನರಸಿಂಹರಾಜು ನಮ್ಮ ತಿಪಟೂರಿನವರು. ಕೊಬ್ಬರಿ ಬೇಕಾದರೆ ಗುಬ್ಬಿಗೆ ಬಿಟ್ಟುಕೊಡುತ್ತೇವೆ, ಅವರನ್ನು ಬಿಟ್ಟುಕೊಡುವುದಿಲ್ಲ.

ಪೇಟಿ ಮೇಷ್ಟ್ರ ಮೊಮ್ಮಗ

ಅದು ಸರಿ. ಟಿ. ಆರ್. ನರಸಿಂಹರಾಜು ಎಂಬುದರಲ್ಲಿ ‘ಟಿ’ ಎಂದರೆ ತಿಪಟೂರು. ಹುಟ್ಟಿದ್ದು 1923ರಲ್ಲಿ. ನಾಲ್ಕನೆಯ ವಯಸ್ಸಿಗೇ ನಾಟಕದ ಕಂಪನಿ ಸೇರಿದವರು. ಆದರೆ ಅಲ್ಲಿಂದ ಎಣಿಸಿ ನೋಡಿ. ಮೊದಲ ಸಿನಿಮಾ ‘ಬೇಡರ ಕಣ್ಣಪ್ಪ’ ಬಂದದ್ದು 1954ರಲ್ಲಿ. ಆಗ ಅವರಿಗೆ ಮೂವತ್ತು ದಾಟಿತ್ತು. ರಾಜ್‌ಕುಮಾರ್ ಅವರು ನಾಯಕರಾದ ಮೊದಲ ಚಿತ್ರವೂ ಅದೇ. ಅವರೂ ಗುಬ್ಬಿಯ ನಾಟಕ ಕಂಪನಿಯಲ್ಲಿ ತಂದೆಯ ಜೊತೆ ಬಣ್ಣ ಹಚ್ಚಿ, ಚಿಕ್ಕ ಪುಟ್ಟ ಪಾತ್ರಗಳಲ್ಲಿ ಸವೆದು ಬಂದವರು. ಬಾಲ್ಯದಲ್ಲಿ ಆರಂಭಿಸಿದರು ಎನ್ನುವುದನ್ನು ಎಲ್ಲರೂ ಹೇಳುತ್ತೀರಿ. ನಡುವಿನ ಇಪ್ಪತ್ತೈದಕ್ಕೂ ಹೆಚ್ಚು ವರ್ಷವನ್ನು ಯಾರೂ ಹೇಳುವುದಿಲ್ಲ.

ಅಮಾನಿಕೆರೆ ಏರಿ

ಊರು ತಪ್ಪಾಯಿತು, ಒಪ್ಪಿದೆ. ಆದರೆ ಪುನೀತ್? ಆರು ತಿಂಗಳ ಕೂಸಾಗಿದ್ದಾಗಲೇ ತೆರೆಗೆ ಬಂದರು. 1985ರ ‘ಬೆಟ್ಟದ ಹೂವು’ ಚಿತ್ರಕ್ಕೆ ಹತ್ತನೆಯ ವಯಸ್ಸಿಗೆ ರಾಷ್ಟ್ರಪ್ರಶಸ್ತಿ. ಅವರಿಗೇನು ಕೆಟ್ಟಿತು?

ನಾಲ್ಕನೇ ಬೆಂಚು

ಪುನೀತ್ ಅವರ ಸೆಟ್ಟಿನಲ್ಲಿ ಅಪ್ಪ ಅಮ್ಮ ಇದ್ದರು, ಸ್ವಾಮಿ. ಅಪ್ಪನ ಹೆಸರು ರಾಜ್‌ಕುಮಾರ್. ಮಗುವಿಗೆ ನಿದ್ದೆ ಬಂದಿದೆ ಎಂದು ಅಮ್ಮ ಹೇಳಿದರೆ ಚಿತ್ರೀಕರಣ ನಿಲ್ಲುತ್ತಿತ್ತು. ತಿಪಟೂರಿನ ಕೊಬ್ಬರಿ ವ್ಯಾಪಾರಿಯ ಮಗಳಿಗೆ ನಿದ್ದೆ ಬಂದರೆ ಯಾರು ನಿಲ್ಲಿಸುತ್ತಾರೆ?

ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ನನ್ನ ತರಗತಿಯಲ್ಲಿ ಒಬ್ಬ ಹುಡುಗ ಹೀಗೆಯೇ ಧಾರಾವಾಹಿಗೆ ಹೋಗುತ್ತಿದ್ದ. ಸೋಮವಾರ ಬಂದರೆ ಹುಬ್ಬಿನ ಹತ್ತಿರ ಬಣ್ಣ ಉಳಿದಿರುತ್ತಿತ್ತು. ಭಾಗಾಕಾರ ಶುರು ಮಾಡಿದ ವಾರವೇ ಅವನಿರಲಿಲ್ಲ. ಬಂದ ಮೇಲೆ ಕೂರಿಸಿಕೊಂಡು ಹೇಳಿಕೊಟ್ಟೆ, ಕಲಿತ, ಬುದ್ಧಿವಂತ. ಪಾಠ ತಪ್ಪಿದ್ದನ್ನು ಹೇಗೋ ತುಂಬಿಸಬಹುದು. ಆಟದ ಗುಂಪಿನಲ್ಲಿ ಅವನ ಜಾಗ ಹೋಯಿತು, ಅದನ್ನು ನಾನು ತುಂಬಿಸಿಕೊಡಲು ಆಗಲಿಲ್ಲ.

ಸುಮ್ಮನೆ ಓದುವವ

ತಿಪಟೂರಿನವರೇ, ಈಗ ಕೊಬ್ಬರಿ ಕ್ವಿಂಟಲಿಗೆ ಎಷ್ಟು ನಡೆಯುತ್ತಿದೆ?

ಕೊಬ್ಬರಿ ಅಂಗಳ, ತಿಪಟೂರು

ಅದಕ್ಕೆ ಬೇರೆ ಚರ್ಚೆ ತೆರೆಯಿರಿ ಸ್ವಾಮಿ, ಅಳುವುದಕ್ಕೂ ಒಂದು ಜಾಗ ಬೇಕು.

ಕಾನೂನು ಕಣಜ

ದುಡ್ಡಿನ ಪ್ರಶ್ನೆಗೆ ಬರುವ ಮೊದಲು ಇದನ್ನು ಓದಿಕೊಳ್ಳಿ. ಹದಿನಾಲ್ಕು ವರ್ಷದೊಳಗಿನ ಮಕ್ಕಳು ಕಲಾವಿದರಾಗಿ ದುಡಿಯಲು ಬಾಲಕಾರ್ಮಿಕ ಕಾಯ್ದೆಯಲ್ಲಿ ಅವಕಾಶವಿದೆ, ಆದರೆ ಷರತ್ತುಗಳಿವೆ. 1986ರ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಬಂತು, ಮರುವರ್ಷ ನಿಯಮಗಳು ಬಂದವು. ದಿನಕ್ಕೆ ಐದು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ವಿರಾಮವಿಲ್ಲದೆ ಮೂರು ಗಂಟೆ ದಾಟುವಂತಿಲ್ಲ. ಸತತ ಇಪ್ಪತ್ತೇಳು ದಿನಕ್ಕಿಂತ ಹೆಚ್ಚು ಕರೆಸುವಂತಿಲ್ಲ. ಚಿತ್ರೀಕರಣ ನಡೆಯುವ ಜಿಲ್ಲೆಯ ಜಿಲ್ಲಾ ದಂಡಾಧಿಕಾರಿಯಿಂದ, ಅಂದರೆ ಜಿಲ್ಲಾಧಿಕಾರಿಯಿಂದ, ನಿರ್ಮಾಪಕರು ಮೊದಲೇ ಅನುಮತಿ ಪಡೆಯಬೇಕು. ಮಗುವಿನ ಓದು ಕೆಡದಂತೆ ವ್ಯವಸ್ಥೆ ಮಾಡಬೇಕು. ಐದು ಮಕ್ಕಳಿಗೆ ಒಬ್ಬರಂತೆ ಜವಾಬ್ದಾರಿಯ ವ್ಯಕ್ತಿಯನ್ನು ನೇಮಿಸಬೇಕು.

ಇನ್ನೊಂದನ್ನು ಎಷ್ಟೋ ತಂದೆ ತಾಯಿಯರೇ ಕೇಳಿಲ್ಲ. ಮಗುವಿನ ಸಂಪಾದನೆಯಲ್ಲಿ ಕನಿಷ್ಠ ಶೇಕಡಾ 20ರಷ್ಟನ್ನು ಮಗುವಿನ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿ ಇಡಬೇಕು. ದುಡ್ಡು ಹರಿಯಬೇಕಾದ ದಿಕ್ಕು ಅದು. ನಿಮ್ಮ ಕೋಆರ್ಡಿನೇಟರ್ ತಿರುಗು ಮುರುಗು ಹರಿಸುತ್ತಿದ್ದಾರೆ.

ತಟ್ಟೆ ಇಡ್ಲಿ ತಜ್ಞ

ನಾನು ಎರಡೇ ಶಬ್ದದಲ್ಲಿ ಹೇಳಿದ್ದನ್ನು ಕಣಜದವರು ಎರಡು ಪ್ಯಾರಾದಲ್ಲಿ ಹೇಳಿದರು.

ಅಮಾನಿಕೆರೆ ಏರಿ

ಐದು ಗಂಟೆಯಂತೆ! ಧಾರಾವಾಹಿಯ ಕಾಲ್‌ಶೀಟ್ ಬೆಳಿಗ್ಗೆ ಒಂಬತ್ತಕ್ಕೆ ಶುರುವಾದರೆ ರಾತ್ರಿ ಒಂಬತ್ತಕ್ಕೆ ಮುಗಿಯುವುದು. ವಾರಕ್ಕೆ ಐದಾರು ಕಂತು ಕೊಡಬೇಕು. ನಿಯಮವನ್ನು ಹಿಡಿದುಕೊಂಡು ಕುಳಿತರೆ ಯಾರೂ ಮಕ್ಕಳ ಕಥೆಯನ್ನೇ ಬರೆಯುವುದಿಲ್ಲ.

ಕಾನೂನು ಕಣಜ

ಬರೆಯದಿದ್ದರೆ ಬೇಡ. ಕಥೆಗೆ ಮಗು ಬೇಕೆಂದರೆ ಮಗುವಿಗೆ ಬೇಕಾದ ಸಮಯವನ್ನು ಇಟ್ಟುಕೊಂಡೇ ದಿನದ ಪಟ್ಟಿ ಹಾಕಲಿ. ಕುದುರೆ ತರಿಸಿದರೆ ಮೇವಿನ ಲೆಕ್ಕ ಹಾಕುತ್ತಾರಲ್ಲವೇ?

ಪೇಟಿ ಮೇಷ್ಟ್ರ ಮೊಮ್ಮಗ

ದುಡ್ಡು ಕೊಟ್ಟು ಪಾತ್ರ ಪಡೆಯುವುದು ನಮಗೇನೂ ಹೊಸದಲ್ಲ, ಅದನ್ನು ಒಪ್ಪಿಕೊಳ್ಳೋಣ. ನಮ್ಮ ಕಡೆ ಊರ ಹಬ್ಬಕ್ಕೆ ‘ಕುರುಕ್ಷೇತ್ರ’ ಕಟ್ಟುವಾಗ ಪಾತ್ರ ಹಂಚುವ ದಿನ ಹೇಗಿರುತ್ತದೆ? ದುರ್ಯೋಧನನಿಗೆ ಎಲ್ಲಕ್ಕಿಂತ ಹೆಚ್ಚು ದುಡ್ಡು. ಆಮೇಲೆ ಕೃಷ್ಣ, ಕರ್ಣ, ಭೀಮ. ವಿದುರನಿಗೆ ಕಡಿಮೆ, ಏಕೆಂದರೆ ವಿದುರನಿಗೆ ಮೀಸೆ ತಿರುವುವ ಸಂದರ್ಭವಿಲ್ಲ. ನಮ್ಮ ದೊಡ್ಡಪ್ಪ ಒಂದು ವರ್ಷ ಎರಡು ಟಗರು ಮಾರಿ ದುರ್ಯೋಧನನಾದರು. ದೊಡ್ಡಮ್ಮ ಆ ವರ್ಷವಿಡೀ ಅವರನ್ನು ‘ಚಕ್ರವರ್ತಿಗಳೇ’ ಎಂದೇ ಕರೆದರು, ಪ್ರೀತಿಯಿಂದಲ್ಲ.

ಆದರೆ ಆ ದುಡ್ಡು ಎಲ್ಲಿ ಹೋಯಿತು ಎನ್ನುವುದು ಇಡೀ ಊರಿಗೆ ಗೊತ್ತಿತ್ತು. ಸೀನರಿಗೆ ಇಷ್ಟು, ಹಾರ್ಮೋನಿಯಂ ನುಡಿಸುವ ಪೇಟಿ ಮೇಷ್ಟ್ರಿಗೆ ಇಷ್ಟು, ಪಟ್ಟಣದಿಂದ ಬರುವ ದ್ರೌಪದಿಗೆ ಇಷ್ಟು. ಮೂರು ತಿಂಗಳು ನನ್ನ ತಾತ ರಾತ್ರಿ ಹನ್ನೊಂದರವರೆಗೆ ಕಂದಪದ್ಯ ತಿದ್ದುತ್ತಿದ್ದರು. ದೊಡ್ಡಪ್ಪನಿಗೆ ಶ್ರುತಿ ಸೇರುವವರೆಗೆ ಪೇಟಿಯ ಒಂದೇ ಮನೆಯನ್ನು ಒತ್ತಿ ಹಿಡಿದು, ಕಣ್ಣು ಮುಚ್ಚಿ, ಕಾಯುತ್ತಿದ್ದರು. ಎಷ್ಟೋ ದಿನ ದೊಡ್ಡಪ್ಪ ಸೇರುತ್ತಲೇ ಇರಲಿಲ್ಲ. ತಾತ ಬೆರಳನ್ನೂ ಎತ್ತುತ್ತಿರಲಿಲ್ಲ. ಟಗರು ಮಾರಿದ ದುಡ್ಡಿಗೆ ದೊಡ್ಡಪ್ಪ ಹಾಡು ಕಲಿತರು. ನಿಮ್ಮ 25,000ಕ್ಕೆ ಮಗಳು ಏನು ಕಲಿಯುತ್ತಾಳೆ? ಸೊಂಟದ ಮೇಲೆ ಕೈಯಿಟ್ಟು ನಿಂತ ಹನ್ನೆರಡು ಫೋಟೊ.

ತಟ್ಟೆ ಇಡ್ಲಿ ತಜ್ಞ

ವಿದುರನ ಮೀಸೆಯ ಮಾತಿಗೆ ಕ್ಯಾತ್ಸಂದ್ರದಲ್ಲಿ ಒಂದು ಪ್ಲೇಟ್ ನನ್ನ ಲೆಕ್ಕದಲ್ಲಿ.

ಕೋಲಾರಮ್ಮನ ಒಕ್ಕಲು

ಎಲ್ಲರೂ ತುಮಕೂರಿನವರೇ ಮಾತನಾಡುತ್ತಿದ್ದೀರಿ. ನಮ್ಮ ಕಡೆಯದೂ ಒಂದು ಉದಾಹರಣೆ ಇರಲಿ. ಮುಳಬಾಗಿಲಿನ ನಟಿ ಸೌಂದರ್ಯ. ತಂದೆ ಚಿತ್ರರಂಗದಲ್ಲಿ ಬರೆಯುತ್ತಿದ್ದವರು, ಆದರೂ ಮಗಳು ಮೊದಲು ಹೋದದ್ದು ವೈದ್ಯಕೀಯ ಓದಿಗೆ. 1992ರಲ್ಲಿ ತೆರೆಗೆ ಬಂದರು, ಓದು ಅಲ್ಲಿಗೇ ನಿಂತಿತು. ತೆಲುಗಿನಲ್ಲಿ ಯಾವ ಎತ್ತರಕ್ಕೆ ಹೋದರು ಎಂಬುದನ್ನು ನಾನು ಹೇಳಬೇಕಾಗಿಲ್ಲ. ಅಲ್ಲಿಂದ ಬಂದು ತಾವೇ ನಿರ್ಮಾಪಕಿಯಾಗಿ ‘ದ್ವೀಪ’ ಮಾಡಿದರು, ಗಿರೀಶ ಕಾಸರವಳ್ಳಿ ನಿರ್ದೇಶನ, ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂತು. 2004ರ ಏಪ್ರಿಲ್ 17ರಂದು ಅವರಿದ್ದ ವಿಮಾನ ಬಿದ್ದ ಸುದ್ದಿ ಬಂದಾಗ ನಾನು ಕೋಲಾರದ ಬಸ್ ನಿಲ್ದಾಣದಲ್ಲಿದ್ದೆ. ಹಣ್ಣಿನ ಅಂಗಡಿಯವರು ರೇಡಿಯೊದ ಧ್ವನಿ ಜೋರು ಮಾಡಿದರು, ಸುತ್ತ ನಿಂತವರು ಯಾರೂ ಮಾತನಾಡಲಿಲ್ಲ.

ಹೇಳಬೇಕೆಂದದ್ದು ಬೇರೆ. ತೆಲುಗು ಗಡಿಯಲ್ಲಿ ಬೆಳೆದವರ ಕನ್ನಡವನ್ನು ಬೆಂಗಳೂರಿನವರು ಒಪ್ಪುವುದಿಲ್ಲ ಎಂದು ನಾವೆಲ್ಲ ಅಂಜುತ್ತಿದ್ದೆವು. ಅವರೋ, ಗಡಿಯ ಎರಡೂ ಕಡೆ ಮನೆಯವರಾದರು.

ಕೊಬ್ಬರಿ ಅಂಗಳ, ತಿಪಟೂರು

ಭಾಷೆಯ ಮಾತು ಬಂತಲ್ಲ, ಇದನ್ನು ಹೇಳಲು ಮರೆತಿದ್ದೆ. ಆಡಿಷನ್‌ನಲ್ಲಿ ಮಗಳು ‘ಹಾಲು’ ಎನ್ನಲು ‘ಆಲು’ ಎಂದಳು. ಅಲ್ಲಿದ್ದವರು ನಕ್ಕು, ಹಳ್ಳಿಯ ಉಚ್ಚಾರಣೆ ತಿದ್ದಿಸಿ ಎಂದರು. ಮನೆಗೆ ಬಂದ ಮೇಲೆ ಅವಳು ‘ಹ’ ಇಲ್ಲದ ಕಡೆಯೂ ‘ಹ’ ಹಾಕುತ್ತಿದ್ದಾಳೆ. ನಿನ್ನೆ ಅಜ್ಜಿಗೆ ‘ಹಕ್ಕಿ ರೊಟ್ಟಿ ಕೊಡು’ ಎಂದಳು.

ನಂದಿಬೆಟ್ಟದ ಮಂಜು

ಪಾಪದ ಹಕ್ಕಿ! ಚಿಕ್ಕಬಳ್ಳಾಪುರದಿಂದ ನಗುತ್ತಿದ್ದೇನೆ.

ಆದರೆ ಒಂದು ಸಿಟ್ಟೂ ಇದೆ. ಧಾರಾವಾಹಿಯ ನಾಯಕಿ ಬೆಂಗಳೂರಿನ ಕನ್ನಡವನ್ನೇ ಆಡಬೇಕು, ಮನೆಗೆಲಸದವಳು ನಮ್ಮ ಕನ್ನಡ ಆಡಬೇಕು. ಇದು ಯಾವ ನ್ಯಾಯ? ಉಮಾಶ್ರೀ ಅವರು ನೊಣವಿನಕೆರೆಯವರು, ನಿಮ್ಮ ತಾಲ್ಲೂಕೇ. ರಂಗಭೂಮಿಯಿಂದ ಬಂದು, ವರ್ಷಗಟ್ಟಲೆ ಸಿನಿಮಾದಲ್ಲಿ ಹಾಸ್ಯದ ಪಾತ್ರಗಳನ್ನೇ ಮಾಡಿಸಿಕೊಂಡು, ಕೊನೆಗೆ ‘ಗುಲಾಬಿ ಟಾಕೀಸ್’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು. ಮಾಯಸಂದ್ರದ ಜಗ್ಗೇಶ್ ಅವರಿಗೆ ಮಾತೇ ಬಂಡವಾಳ. ಮಗಳ ನಾಲಿಗೆಯನ್ನು ಒರೆಸಿ ತೊಳೆಯಲು ಬಿಡಬೇಡಿ.

ನಾಲ್ಕನೇ ಬೆಂಚು

ಎರಡನ್ನೂ ಕಲಿಯಲಿ. ಪಾತ್ರಕ್ಕೆ ತಕ್ಕ ಮಾತು ಆಡುವುದೂ ನಟನೆಯೇ ಅಲ್ಲವೇ? ತರಗತಿಯಲ್ಲಿ ನಾವು ‘ಹ’ ತಿದ್ದುತ್ತೇವೆ, ಆದರೆ ನಕ್ಕು ತಿದ್ದುವುದಿಲ್ಲ.

ಗುಬ್ಬಿಗೂಡು

ಎರಡು ದಿನದಿಂದ ಓದುತ್ತಿದ್ದೆ, ಬರೆಯುವುದೋ ಬೇಡವೋ ಎಂದುಕೊಂಡು. ನಾನು ಗುಬ್ಬಿ ತಾಲ್ಲೂಕಿನವನು, ಈಗ ಇಪ್ಪತ್ನಾಲ್ಕು. ಎಂಟರಿಂದ ಹನ್ನೊಂದನೆಯ ವಯಸ್ಸಿನವರೆಗೆ ಒಂದು ಧಾರಾವಾಹಿಯಲ್ಲಿ ನಾಯಕನ ಮಗನಾಗಿದ್ದೆ. ಹೆಸರು ಬೇಡ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ನನಗೆ ಅದು ಇಷ್ಟವಿತ್ತು. ತುಂಬಾ ಇಷ್ಟವಿತ್ತು. ದೀಪಗಳು ಹೊತ್ತಿಕೊಂಡು, ಎಲ್ಲರೂ ಸುಮ್ಮನಾಗಿ, ಸಹಾಯಕ ನಿರ್ದೇಶಕರು ಕ್ಯಾಮೆರಾದ ಪಕ್ಕದಿಂದ ಮಾತು ಹೇಳಿಕೊಡಲು ಬಾಯಿ ತೆರೆಯುವ ಮೊದಲೇ ನಾನು ಹೇಳಿಬಿಡುತ್ತಿದ್ದೆ. ದೊಡ್ಡವರ ಮಾತೂ ನನಗೆ ಬಾಯಿಪಾಠವಾಗಿರುತ್ತಿತ್ತು. ನನ್ನ ತಾಯಿಯಾಗಿ ನಟಿಸುತ್ತಿದ್ದ ಕಲಾವಿದೆ ತಮ್ಮ ಡಬ್ಬಿಯಿಂದ ಚಿತ್ರಾನ್ನ ಕೊಡುತ್ತಿದ್ದರು.

ಇನ್ನು ಉಳಿದದ್ದು. ಬೆಳಿಗ್ಗೆ ನಾಲ್ಕೂವರೆಗೆ ಅಮ್ಮ ಎಬ್ಬಿಸುತ್ತಿದ್ದಳು. ನನ್ನ ಭಾಗ ಇರುತ್ತಿದ್ದದ್ದು ಮೂರು ದೃಶ್ಯ, ಒಂದು ಬೆಳಿಗ್ಗೆ, ಎರಡು ರಾತ್ರಿ. ನಡುವೆ ಕಾಯುವುದು. ಬಟ್ಟೆಯ ಟ್ರಂಕಿನ ಮೇಲೆ ಮಲಗುತ್ತಿದ್ದೆ. ಅಂಗಿ ಸುಕ್ಕಾದರೆ ಹಿಂದಿನ ದೃಶ್ಯಕ್ಕೆ ಹೊಂದುವುದಿಲ್ಲ ಎಂದು ಬೈಯುತ್ತಿದ್ದರು, ಅದಕ್ಕೆ ಅಂಗಿ ಬಿಚ್ಚಿ ಮಲಗುವುದನ್ನು ಕಲಿತೆ. ಅಳುವ ದೃಶ್ಯಕ್ಕೆ ಗ್ಲಿಸರಿನ್. ಒಂದು ದಿನ ಗ್ಲಿಸರಿನ್ ಮುಗಿದಿತ್ತು. ಯಾರೋ, ನಿನ್ನ ಅಮ್ಮ ನಿನ್ನನ್ನು ಬಿಟ್ಟು ಊರಿಗೆ ಹೋದಳು ಎಂದರು. ಅತ್ತುಬಿಟ್ಟೆ. ಒಂದೇ ಟೇಕ್. ಎಲ್ಲರೂ ಚಪ್ಪಾಳೆ ತಟ್ಟಿದರು. ಅಮ್ಮ ಹೊರಗೆ ಚಹಾ ಕುಡಿಯುತ್ತಿದ್ದಳು, ಅವಳಿಗೆ ಇಂದಿಗೂ ನಾನು ಹೇಳಿಲ್ಲ. ಸಂಭಾವನೆ ಮೂರು ತಿಂಗಳಿಗೊಮ್ಮೆ ಬರುತ್ತಿತ್ತು, ಕೊನೆಯ ಎರಡು ಕಂತು ಬರಲೇ ಇಲ್ಲ.

ಹನ್ನೊಂದು ದಾಟುತ್ತಿದ್ದಂತೆ ಗಂಟಲು ಒಡೆಯಿತು, ನಾಲ್ಕು ಬೆರಳು ಎತ್ತರವಾದೆ. ಒಂದು ವಾರ ಕರೆ ಬರಲಿಲ್ಲ. ಶುಕ್ರವಾರ ಸಂಜೆ ಮನೆಯಲ್ಲಿ ಎಲ್ಲರೂ ಟಿವಿಯ ಮುಂದೆ ಕುಳಿತಿದ್ದೆವು. ಪರದೆಯ ಮೇಲೆ ನಾನು ಸೈಕಲ್ ಹತ್ತಿ ತಿರುವಿನಲ್ಲಿ ಮರೆಯಾದೆ. ‘ಹತ್ತು ವರ್ಷಗಳ ನಂತರ’ ಎಂದು ಅಕ್ಷರ ಬಂತು. ತಿರುವಿನಿಂದ ಬೈಕಿನಲ್ಲಿ ಬೇರೆ ಯಾರೋ ಬಂದರು, ನನ್ನ ಹೆಸರು ಹೇಳಿಕೊಂಡು. ಅಜ್ಜಿ ನನ್ನ ಕಡೆ ತಿರುಗಿ, ‘ಏನೋ, ಅಷ್ಟು ದೊಡ್ಡವನಾದೆಯಾ?’ ಎಂದರು.

ಆಮೇಲೆ ಆರು ವರ್ಷ ಯಾರಿಗೂ ಬೇಕಾಗಲಿಲ್ಲ. ಮಗುವೂ ಅಲ್ಲ, ನಾಯಕನೂ ಅಲ್ಲ. ಹೈಸ್ಕೂಲಿನಲ್ಲಿ ಆ ಧಾರಾವಾಹಿಯ ಹೆಸರಿನಿಂದಲೇ ಕರೆದು ರೇಗಿಸುತ್ತಿದ್ದರು. ಪದವಿ ಮುಗಿಸಿ ಹೆಗ್ಗೋಡಿಗೆ ಹೋದೆ, ನೀನಾಸಂ ರಂಗಶಾಲೆಯಲ್ಲಿ ಒಂದು ವರ್ಷ. ಅಲ್ಲಿ ಮೊದಲ ತಿಂಗಳು ಹೇಳಿದ್ದು ಒಂದೇ, ಮುಖದಲ್ಲಿ ಏನೂ ಮಾಡಬೇಡ. ಮೂರು ವರ್ಷ ಕ್ಲೋಸಪ್‌ಗೆ ಹುಬ್ಬು ಕುಣಿಸಿದವನಿಗೆ ಅದನ್ನು ಬಿಡಲು ನಾಲ್ಕು ತಿಂಗಳು ಹಿಡಿಯಿತು. ಆಮೇಲೆ ಅವರ ‘ತಿರುಗಾಟ’ ನಾಟಕ ತಂಡದಲ್ಲಿ ಊರೂರು ಸುತ್ತಿದೆ. ಈಗ ಸಿನಿಮಾದಲ್ಲಿ ಚಿಕ್ಕ ಪಾತ್ರಗಳು ಸಿಗುತ್ತಿವೆ. ಕಳೆದ ವರ್ಷ ಒಂದರಲ್ಲಿ ಏಳು ನಿಮಿಷ ಇದ್ದೇನೆ, ಎಣಿಸಿದ್ದೇನೆ.

ಮಗಳನ್ನು ಕಳುಹಿಸಬೇಡಿ ಎನ್ನಲಾರೆ, ನನಗೆ ಹಾಗೆನ್ನುವ ಬಾಯಿಲ್ಲ. ಆದರೆ ಈ ಹದಿನಾರು ವರ್ಷದಲ್ಲಿ ನನಗೆ ನಿಜವಾದ ಪಾತ್ರ ಕೊಟ್ಟ ಯಾರೂ ಒಂದು ರೂಪಾಯಿ ಕೇಳಿಲ್ಲ. ಆಡಿಷನ್‌ಗೆ ಯಾವ ಕಾರ್ಡೂ ಬೇಕಾಗಿರಲಿಲ್ಲ, ಮನೆಯ ಗೋಡೆಯ ಮುಂದೆ ಮೊಬೈಲಿನಲ್ಲಿ ತೆಗೆದ ಎರಡು ಫೋಟೊ ಸಾಕಾಗಿದ್ದವು.

ಅಮಾನಿಕೆರೆ ಏರಿ

ಗುಬ್ಬಿಗೂಡು ಅವರೇ, ನಾನು ಬರೆದದ್ದನ್ನು ಹಿಂತೆಗೆದುಕೊಳ್ಳುತ್ತೇನೆ. ಪುನೀತ್ ವಿಷಯ ಬಿಟ್ಟು.

ಪೇಟಿ ಮೇಷ್ಟ್ರ ಮೊಮ್ಮಗ

ಆ ಏಳು ನಿಮಿಷ ಯಾವ ಸಿನಿಮಾದಲ್ಲಿ? ಹೇಳದಿದ್ದರೂ ಪರವಾಗಿಲ್ಲ, ಗುಬ್ಬಿಯವರು ಯಾರೇ ತೆರೆಯ ಮೇಲೆ ಬಂದರೂ ನಮ್ಮ ಮನೆಯಲ್ಲಿ ಶಿಳ್ಳೆ ಬೀಳುತ್ತದೆ. 1884ರಲ್ಲಿ ಕಂಪನಿ ಕಟ್ಟಿದ ಊರಪ್ಪಾ ಅದು.

ಸುಮ್ಮನೆ ಓದುವವ

‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ಸ್ವಾಮಿ ಎಂಬ ಹುಡುಗನ ಪಾತ್ರ ಮಾಡಿದ ಮಾಸ್ಟರ್ ಮಂಜುನಾಥ್ ಕೂಡ ಆಮೇಲೆ ನಟನೆ ಬಿಟ್ಟು ಓದಿನ ಕಡೆಗೆ ಹೋದರಲ್ಲವೇ? ಅದನ್ನು ನೋಡಿದವರಿಗೆ ಅವರು ಇಂದಿಗೂ ಹತ್ತು ವರ್ಷದ ಹುಡುಗನೇ.

ಕಾನೂನು ಕಣಜ

ಅಮ್ಮ ಊರಿಗೆ ಹೋದಳು ಎಂದು ಹೇಳಿ ಗುಬ್ಬಿಗೂಡು ಅವರನ್ನು ಅಳುವಂತೆ ಮಾಡಿದ್ದನ್ನು ಓದಿ ಬೆಳಿಗ್ಗೆಯಿಂದ ಮನಸ್ಸು ಸರಿಯಿಲ್ಲ. ಮಗುವಿನ ಇಚ್ಛೆಗೆ ವಿರುದ್ಧವಾಗಿ ನಟಿಸುವಂತೆ ಮಾಡಬಾರದು ಎಂಬುದೂ ಅದೇ ನಿಯಮದಲ್ಲಿದೆ. ಅಂಥದ್ದು ಕಣ್ಣಿಗೆ ಬಿದ್ದರೆ 1098ಕ್ಕೆ ಕರೆ ಮಾಡಬಹುದು, ಅದು ಮಕ್ಕಳ ಸಹಾಯವಾಣಿ.

ಕೊಬ್ಬರಿ ಅಂಗಳ, ತಿಪಟೂರು

ಎಲ್ಲರಿಗೂ ಧನ್ಯವಾದ. ಏನಾಯಿತೆಂದು ಹೇಳಿಬಿಡುತ್ತೇನೆ.

ಸೋಮವಾರ ಬೆಳಿಗ್ಗೆ ಫೋನ್ ಮಾಡಿ, ಜಿಲ್ಲಾಧಿಕಾರಿಯ ಅನುಮತಿ ಪತ್ರದ ಪ್ರತಿ ಕೊಡಿ, ಠೇವಣಿಗೆ ಯಾವ ಬ್ಯಾಂಕಿನಲ್ಲಿ ಖಾತೆ ತೆರೆಯಲಿ ಎಂದು ಕೇಳಿದೆ. ಅತ್ತ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ‘ಸಾರ್, ನೀವು ವಕೀಲರಾ?’ ಎಂದರು. ಕೊಬ್ಬರಿ ವ್ಯಾಪಾರಿ ಎಂದೆ. ಹಾಗಾದರೆ 30,000 ಕೊಡಿ ಸಾಕು ಎಂದರು! ಸಂತೆಯಲ್ಲಿ ಬದನೆಕಾಯಿಗೆ ಇಳಿಸಿದ ಹಾಗೆ ಇಳಿಸಿದರು. ಫೋನ್ ಇಟ್ಟೆ. ಸಂಜೆಯ ಹೊತ್ತಿಗೆ ನನ್ನ ಕರೆ ಅವರಿಗೆ ಹೋಗುವುದೇ ನಿಂತಿತು.

ಮಗಳಿಗೆ ಹೇಳುವುದು ಕಷ್ಟವಾಯಿತು. ಅತ್ತಳು. ಗ್ಲಿಸರಿನ್ ಬೇಕಾಗಲಿಲ್ಲ. ರಾತ್ರಿ ಊಟಕ್ಕೆ ಕರೆದರೆ, ತಾನು ಚೆನ್ನಾಗಿ ಮಾಡಲಿಲ್ಲವೇ ಎಂದು ಕೇಳಿದಳು. ಚೆನ್ನಾಗಿಯೇ ಮಾಡಿದೆ, ಅವರ ಲೆಕ್ಕ ಸರಿಯಿರಲಿಲ್ಲ ಎಂದೆ. ನಂಬಿದಳೋ ಇಲ್ಲವೋ ತಿಳಿಯದು. ಬೀರುವಿನ ಕನ್ನಡಿಗೆ ಟವೆಲ್ ನೇತು ಹಾಕಿದ್ದಾಳೆ.

ಗುಬ್ಬಿಗೂಡು ಅವರು ನನಗೆ ಪ್ರತ್ಯೇಕವಾಗಿ ಬರೆದು, ದುಡ್ಡು ಕೇಳದ ಒಂದು ಆಡಿಷನ್ ಬರುವ ತಿಂಗಳು ಭಾನುವಾರ ಇದೆ ಎಂದು ತಿಳಿಸಿದ್ದಾರೆ. ಮಕ್ಕಳ ಸಿನಿಮಾ, ಬೇಸಿಗೆ ರಜೆಯಲ್ಲಿ ಚಿತ್ರೀಕರಣ. ಹೆಂಡತಿ ತಾನೇ ಕರೆದುಕೊಂಡು ಹೋಗುತ್ತಾಳಂತೆ, ಚಹಾಕ್ಕೂ ಹೊರಗೆ ಹೋಗುವುದಿಲ್ಲವಂತೆ. ಅಷ್ಟರೊಳಗೆ ನಮ್ಮ ಊರ ಹಬ್ಬ. ತಂದೆ ಬಾಲಕೃಷ್ಣನ ಪಾತ್ರಕ್ಕೆ ಮೊಮ್ಮಗಳ ಹೆಸರು ಬರೆಸಿ ಬಂದಿದ್ದಾರೆ. ಚಿಕ್ಕ ಮಕ್ಕಳ ಪಾತ್ರಕ್ಕೆ ನಮ್ಮಲ್ಲಿ ದುಡ್ಡಿಲ್ಲ. ಟವೆಲ್ ಇನ್ನೂ ತೆಗೆದಿಲ್ಲ, ಆದರೆ ನಿನ್ನೆ ಅಜ್ಜಿಯ ಬಳಿ ನವಿಲುಗರಿ ಕೇಳುತ್ತಿದ್ದಳು.

ಪೇಟಿ ಮೇಷ್ಟ್ರ ಮೊಮ್ಮಗ

ಯಾವ ಊರು, ಯಾವ ದಿನ? ಪೇಟಿ ಯಾರದು?

ತಟ್ಟೆ ಇಡ್ಲಿ ತಜ್ಞ

ದುರ್ಯೋಧನ ಎಷ್ಟಕ್ಕೆ ಹೋದ?